ಬರೆಯುವ ಕೈಯ ಮಣಿಕಟ್ಟು ಮುರಿದಾಗ

ಮಳೆಗಾಲ ಹಿಡಿಯಿತೆಂದರೆ ಕಾಸರಗೋಡಿನ ನಮ್ಮ ಅಂಗಳಗಳಲ್ಲಿ, ಅಡಿಕೆ ತೋಟದ ಕೆಂಪುಕಲ್ಲಿನ ಮೆಟ್ಟಿಲುಗಳಲ್ಲಿ ಹಾವಸೆ ಕಟ್ಟುತ್ತದೆ. ಜಾರಿದ ಮಗು ತನಗರಿವಿಲ್ಲದೆಯೇ ಅಂಗೈಯನ್ನು ನೆಲಕ್ಕೆ ಊರುತ್ತದೆ. ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಮುಂಗೈಯ ಎರಡು ಎಲುಬುಗಳಲ್ಲಿ ಹೆಬ್ಬೆರಳಿನ ಕಡೆಯದು ಮಣಿಕಟ್ಟಿನ ಬಳಿ ಮುರಿಯುವುದು ಮಕ್ಕಳಲ್ಲಿ ಬಹು ಸಾಮಾನ್ಯ. ಸಾಮಾನ್ಯವಾಗಿ ಮೂರರಿಂದ ಆರು ವಾರಗಳಲ್ಲಿ ಪ್ಲಾಸ್ಟರ್ ತೆಗೆಯುತ್ತಾರೆ. ಆದರೆ ಎಲುಬು ಕೂಡುವುದು ಒಂದು, ಕೈ ಮತ್ತೆ ಕೆಲಸಕ್ಕೆ ಬರುವುದು ಇನ್ನೊಂದು. ಈ ಎರಡನೆಯದರಲ್ಲಿ ಮನೆಗೂ ಶಾಲೆಗೂ ಪಾಲಿದೆ.

ಎಕ್ಸ್‌ರೇ ತೆಗೆಸದೆ ಬಿಗಿಯಾಗಿ ಕಟ್ಟು ಹಾಕಿಸುವುದು ಅಪಾಯಕರ. ಮಕ್ಕಳ ಎಲುಬಿನ ತುದಿಯಲ್ಲಿ ಬೆಳವಣಿಗೆಯ ಮೃದುವಾದ ಪದರವಿದೆ. ಅದಕ್ಕೆ ಪೆಟ್ಟಾಗಿ ಗಮನಕ್ಕೆ ಬಾರದೆ ಹೋದರೆ ಮುಂದೆ ಕೈ ಸೊಟ್ಟಗಾಗಬಹುದು. ಅತಿ ಬಿಗಿಯಾದ ಕಟ್ಟು ರಕ್ತ ಸಂಚಾರವನ್ನೇ ತಡೆಯಬಹುದು.

ಮೊದಲ ಕೆಲವು ದಿನ ಕೈಯನ್ನು ದಿಂಬಿನ ಮೇಲೆ, ಎದೆಯ ಮಟ್ಟಕ್ಕಿಂತ ಎತ್ತರದಲ್ಲಿ ಇಡಬೇಕು. ಬಾವು ಇಳಿಯಲು ಇದು ನೆರವಾಗುತ್ತದೆ. ಬೆರಳುಗಳನ್ನು ಆಗಾಗ ಮಡಚಿ ಬಿಡಿಸಬೇಕು. ಮೊಣಕೈ ಪ್ಲಾಸ್ಟರಿನ ಹೊರಗಿದ್ದರೆ ಅದನ್ನೂ ಭುಜವನ್ನೂ ಆಡಿಸಬೇಕು. ನೋವು ಹೆಚ್ಚುತ್ತಲೇ ಹೋದರೆ, ಬೆರಳುಗಳು ಬಿಳಚಿದರೆ, ನೀಲಿಗಟ್ಟಿದರೆ, ಮರಗಟ್ಟಿದರೆ ಅಥವಾ ಪ್ಲಾಸ್ಟರಿನಿಂದ ದುರ್ವಾಸನೆ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ತುರಿಕೆಯೆಂದು ಪ್ಲಾಸ್ಟರಿನೊಳಗೆ ಕಡ್ಡಿಯನ್ನಾಗಲಿ ಅಳತೆಪಟ್ಟಿಯನ್ನಾಗಲಿ ತೂರಿಸಬಾರದು. ಗಾಯವಾಗಿ ಕೀವು ಕಟ್ಟೀತು. ಸ್ನಾನದ ವೇಳೆ ಪ್ಲಾಸ್ಟಿಕ್ ಚೀಲ ಸುತ್ತಿ ಕೈಯನ್ನು ನೀರಿನಿಂದ ದೂರವಿರಿಸಬೇಕು.

ಎಡಗೈಯಲ್ಲಿ ಉಣ್ಣುವುದು ನಮ್ಮಲ್ಲಿ ಸಲ್ಲದ ರೂಢಿ. ಬಲಗೈ ಮುರಿದ ಮಗು ಸಂಕೋಚದಿಂದಲೇ ಶಾಲೆಯ ಮಧ್ಯಾಹ್ನದ ಊಟವನ್ನು ಅರ್ಧಕ್ಕೆ ಬಿಡಬಹುದು. ಒಂದು ಚಮಚ ಕೊಟ್ಟು ಕಳುಹಿಸಿ, ಇದರಲ್ಲಿ ತಪ್ಪೇನೂ ಇಲ್ಲವೆಂದು ಹಿರಿಯರೇ ಹೇಳಬೇಕು. ಗುಂಡಿಗಳಿಲ್ಲದ ಸಡಿಲ ಅಂಗಿ, ಒಂದೇ ಭುಜಕ್ಕೆ ಹಾಕುವ ಹಗುರ ಚೀಲ ಇದ್ದರೆ ದಿನ ಸಲೀಸಾಗಿ ಸಾಗುತ್ತದೆ.

ಕೈ ಮುರಿಯಿತೆಂದು ವಾರಗಟ್ಟಲೆ ಶಾಲೆ ಬಿಡಿಸಬೇಕಾಗಿಲ್ಲ. ವೈದ್ಯರು ಒಪ್ಪಿದೊಡನೆ ಮಗು ತರಗತಿಯಲ್ಲಿ ಕುಳಿತು ಕೇಳಲಿ, ಬಾಯಿಮಾತಿನಲ್ಲಿ ಉತ್ತರ ಹೇಳಲಿ. ಟಿಪ್ಪಣಿಯನ್ನು ಸಹಪಾಠಿ ಬರೆದುಕೊಡಲಿ. ಪರೀಕ್ಷೆ ಹತ್ತಿರವಿದ್ದು ಬರಹ ಸಹಾಯಕರು ಬೇಕಾಗುವಂತಿದ್ದರೆ ವೈದ್ಯರ ಪ್ರಮಾಣಪತ್ರದೊಡನೆ ಮುಖ್ಯೋಪಾಧ್ಯಾಯರನ್ನು ಕೂಡಲೇ ಕಾಣಬೇಕು. ಕನ್ನಡ ಮಾಧ್ಯಮದವರಾದ ನಮಗೆ ಇಲ್ಲಿ ಇನ್ನೊಂದು ಎಚ್ಚರವೂ ಅಗತ್ಯ. ಸಹಾಯಕರು ಕನ್ನಡವನ್ನು ಆಡಬಲ್ಲವರಾದರೆ ಸಾಲದು. ಒತ್ತಕ್ಷರ ತಪ್ಪದೆ, ವೇಗವಾಗಿ ಬರೆಯಬಲ್ಲವರಾಗಿರಬೇಕು. ಮಗುವಿಗೆ ಗೊತ್ತಿರುವ ಉತ್ತರ ಬರೆಯುವವರ ಕೈಯಲ್ಲಿ ಕೆಟ್ಟರೆ ನಷ್ಟ ಮಗುವಿನದು. ಆದುದರಿಂದ ಕನ್ನಡ ಬರಹ ಬಲ್ಲವರೇ ಬೇಕೆಂದು ಮನವಿಯಲ್ಲಿ ಸ್ಪಷ್ಟವಾಗಿ ಬರೆಯೋಣ. ಅನುಮತಿ ದೊರೆತ ಮೇಲೆ ಇಬ್ಬರೂ ಒಟ್ಟಿಗೆ ಕುಳಿತು ಒಂದೆರಡು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ನೋಡುವುದು ಒಳ್ಳೆಯದು.

ಪ್ಲಾಸ್ಟರ್ ತೆಗೆದ ದಿನ ಕೈ ಸೊರಗಿ, ಚರ್ಮ ಒಣಗಿ, ಮಣಿಕಟ್ಟು ಬಿಗಿದುಕೊಂಡಿರುವುದು ಸಹಜ; ಹೆದರಬೇಕಾಗಿಲ್ಲ. ವೈದ್ಯರು ಹೇಳಿದಂತೆ ಮಣಿಕಟ್ಟನ್ನು ಮೆಲ್ಲನೆ ಮೇಲೆ ಕೆಳಗೆ ಆಡಿಸುವುದು, ಅಂಗೈಯನ್ನು ಮಗುಚುವುದು, ಮೆತ್ತನೆಯ ಚೆಂಡನ್ನು ಹಿಸುಕುವುದು ನಿತ್ಯವೂ ನಡೆಯಲಿ. ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದು, ಎಳೆಯುವುದು ಬೇಡ. ಬರವಣಿಗೆಯನ್ನು ಮೊದಲು ಐದು ನಿಮಿಷ, ಬಳಿಕ ಹತ್ತು ನಿಮಿಷ ಎಂದು ಕ್ರಮೇಣ ಹೆಚ್ಚಿಸೋಣ. ಕಬಡ್ಡಿ, ಮರ ಹತ್ತುವುದು, ಸೈಕಲ್ ಸವಾರಿಗೆ ವೈದ್ಯರ ಅನುಮತಿ ಬರುವವರೆಗೆ ತಡೆಯಿರಲಿ. ಹೊಸದಾಗಿ ಕೂಡಿದ ಎಲುಬು ಅದೇ ಜಾಗದಲ್ಲಿ ಮತ್ತೆ ಮುರಿಯಬಹುದು. ಅಷ್ಟರೊಳಗೆ ಮೆಟ್ಟಿಲುಗಳ ಹಾವಸೆಯನ್ನು ಕೆರೆದು ತೆಗೆಯುವ ಕೆಲಸವನ್ನು ದೊಡ್ಡವರಾದ ನಾವು ಮುಗಿಸಬಹುದು.