ಕೊಲೆಸ್ಟರಾಲ್ ಮಾತ್ರೆ, ಮದ್ಯ ಮತ್ತು ನಮ್ಮ ಮುಚ್ಚುಮರೆ

ಹೊಸೂರು, ಕೃಷ್ಣಗಿರಿ ಕಡೆಯ ದವಾಖಾನೆಗಳಲ್ಲಿ ನಡೆಯುವ ಒಂದು ಮಾತು ನಮ್ಮಲ್ಲಿ ಅನೇಕರಿಗೆ ಪರಿಚಿತ. ರಕ್ತ ಪರೀಕ್ಷೆಯ ಚೀಟಿ ನೋಡಿ ವೈದ್ಯರು, "ಕುಡಿಯುವ ಅಭ್ಯಾಸ ಉಂಟೇ?" ಎಂದು ಕೇಳುತ್ತಾರೆ. ಯಜಮಾನರು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕುಳಿತ ಮನೆಯಾಕೆ, "ಇಲ್ಲ ಡಾಕ್ಟ್ರೇ, ನಾವು ಜೈನರು" ಎನ್ನುತ್ತಾರೆ. ಯಜಮಾನರು ತಲೆ ತಗ್ಗಿಸುತ್ತಾರೆ. ಮಾತ್ರೆಯ ಚೀಟಿ ಕೈಗೆ ಬರುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧು ಈ ಮೂರರ ತ್ಯಾಗವನ್ನು ಐದು ಅಣುವ್ರತಗಳೊಡನೆ ಸೇರಿಸಿ ಶ್ರಾವಕನ ಎಂಟು ಮೂಲಗುಣಗಳೆಂದಿದ್ದಾರೆ. ಇದು ನಮಗೆಲ್ಲ ತಿಳಿದದ್ದೇ. ಆದರೆ ಹೊಸೂರು ಕಾರ್ಖಾನೆಗಳ ಊರು. ಕೆಲಸದ ಗೆಳೆತನ, ವ್ಯಾಪಾರದ ಔತಣ, ಬೀದಿಗೆ ಹತ್ತಿರದಲ್ಲೇ ಟಾಸ್ಮಾಕ್ ಅಂಗಡಿ. ನಮ್ಮವರಲ್ಲೂ ಕೆಲವರು ಎಡವಿದ್ದಾರೆ ಎಂಬುದನ್ನು ಒಪ್ಪಿಕೊಳ್ಳದೆ ಅವರನ್ನು ಕಾಪಾಡಲಾರೆವು.

ಈಗ ಮಾತ್ರೆಯ ವಿಚಾರ. ಮಾಂಸ, ಮೊಟ್ಟೆ ಮುಟ್ಟದವರಿಗೂ ಕೊಲೆಸ್ಟರಾಲ್ ಏರುವುದುಂಟು. ಏಕೆಂದರೆ ನಮ್ಮ ಯಕೃತ್ತೇ ಅದನ್ನು ತಯಾರಿಸುತ್ತದೆ. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮೊದಲಾದ ಸ್ಟಾಟಿನ್ ಮಾತ್ರೆಗಳು ಯಕೃತ್ತಿನಲ್ಲಿ ಆ ತಯಾರಿಯನ್ನು ತಗ್ಗಿಸುತ್ತವೆ. ಮದ್ಯವನ್ನು ಕರಗಿಸುವ ಹೊಣೆಯೂ ಹೆಚ್ಚಾಗಿ ಅದೇ ಯಕೃತ್ತಿನದು. ಅತಿಯಾಗಿ ಕುಡಿಯುವವರಲ್ಲಿ ಯಕೃತ್ತು ಕೆಡುತ್ತದೆ. ಸ್ಟಾಟಿನ್‌ನಿಂದ ಅಪರೂಪವಾಗಿ ಬರುವ ಸ್ನಾಯುಗಳ ತೊಂದರೆಯ ಸಂಭವವೂ ಹೆಚ್ಚುತ್ತದೆ. ಇದಲ್ಲದೆ ಮದ್ಯ ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಏರಿಸುತ್ತದೆ. ಒಂದು ಕೈಯಲ್ಲಿ ಇಳಿಸಿ ಇನ್ನೊಂದು ಕೈಯಲ್ಲಿ ಏರಿಸಿದಂತೆ!

"ಕುಡಿದ ದಿನ ಮಾತ್ರೆ ಬಿಟ್ಟರಾಯಿತು" ಎನ್ನುವವರಿದ್ದಾರೆ. ಇದು ತಪ್ಪು. ಮದ್ಯದ ಕೇಡು ಹಾಗೇ ಉಳಿಯುತ್ತದೆ. ದಿನವೂ ನುಂಗಿದರೆ ಮಾತ್ರ ಸಿಗುವ ಹೃದಯದ ರಕ್ಷಣೆ ಕೈತಪ್ಪುತ್ತದೆ.

ಕಾರಣವಿಲ್ಲದೆ ತೋಳು, ತೊಡೆ ನೋಯುವುದು, ಅತಿಯಾದ ನಿಶ್ಶಕ್ತಿ, ಮೂತ್ರ ಕಂದು ಬಣ್ಣಕ್ಕೆ ತಿರುಗುವುದು, ಕಣ್ಣು ಹಳದಿಯಾಗುವುದು — ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಕುಡಿತದ ಸಂಗತಿ ತಿಳಿದಿದ್ದರೆ ಅವರು ಯಕೃತ್ತಿನ ಪರೀಕ್ಷೆ ಮಾಡಿಸಿ, ಮಾತ್ರೆಯ ಪ್ರಮಾಣವನ್ನು ಯೋಚಿಸಿ ನಿರ್ಧರಿಸುತ್ತಾರೆ. ಸುಳ್ಳು ಹೇಳಿದರೆ ಅವರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಬಿಡುವ ಸಂಕಲ್ಪ ಮಾಡಿದವರಿಗೂ ಒಂದು ಎಚ್ಚರಿಕೆ. ಬಹುಕಾಲದಿಂದ ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್ ಬರುವ ಅಪಾಯವಿದೆ. ಮುನಿಗಳ ಸನ್ನಿಧಿಯಲ್ಲಿ ವ್ರತ ಸ್ವೀಕರಿಸುವ ಮುನ್ನ ವೈದ್ಯರ ಸಲಹೆ ಪಡೆಯಲಿ. ಇದರಿಂದ ವ್ರತಕ್ಕೆ ಕುಂದಿಲ್ಲ. ಅದು ನಿಲ್ಲುವುದಕ್ಕೆ ಆಧಾರವೇ ಸಿಕ್ಕಂತೆ.

ಹಿರಿಯರು ಮುಚ್ಚಿಡುವ ಸಂಗತಿ ಇನ್ನೊಂದಿದೆ. ಸೂರ್ಯಾಸ್ತದ ನಂತರ ಏನನ್ನೂ ಸೇವಿಸದ ನಿಯಮವಿರುವವರು, ರಾತ್ರಿಗೆಂದು ಬರೆದ ಮಾತ್ರೆಯನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್‌ಗಳನ್ನು ಹಗಲಿನಲ್ಲೂ ತೆಗೆದುಕೊಳ್ಳಬಹುದು. ಬೇರೆ ಮಾತ್ರೆಯಾದರೆ ಕೇಳಿದರೆ ವೈದ್ಯರೇ ದಾರಿ ತೋರುತ್ತಾರೆ.

ತಾಯಂದಿರೇ, ಸೋದರಿಯರೇ, ಮನೆಯ ಮರ್ಯಾದೆಗೆಂದು ನೀವು ಹೇಳುವ "ಇಲ್ಲ" ಮನೆಯವರ ಜೀವಕ್ಕೇ ಮುಳುವಾಗಬಹುದು. ಮುಂದಿನ ಸಲ ವೈದ್ಯರು ಕೇಳಿದಾಗ ಅವರೇ ಉತ್ತರಿಸಲು ಬಿಡಿ. ಬೇಕಾದರೆ ಎರಡು ನಿಮಿಷ ಹೊರಗೆ ಕುಳಿತುಕೊಳ್ಳಿ. ಅಹಿಂಸೆಯೊಡನೆ ಸತ್ಯವೂ ನಮ್ಮ ಅಣುವ್ರತವಲ್ಲವೇ? ತಪ್ಪನ್ನು ಒಪ್ಪಿಕೊಂಡವನನ್ನು ಹಂಗಿಸದೆ ಕೈಹಿಡಿದು ಎತ್ತುವುದೇ ಸಮಾಜದ ಧರ್ಮ.