ಹೆವಿ ಮೆಟಲ್: ಒಂದೇ ಕುಲ, ನೂರು ಪಂಥ

ಸಂಗೀತವಿರುವೆಡೆ ಪಂಥಗಳೂ ಇರುತ್ತವೆ; ಪಂಥಗಳಿರುವೆಡೆ ವಾದಕ್ಕೆ ಬರವಿಲ್ಲ. ಮೈಸೂರು ಬಾನಿಯ ವೀಣೆ ಮೇಲೋ, ತಂಜಾವೂರಿನದು ಮೇಲೋ ಎಂದು ಕಛೇರಿ ಮುಗಿದ ಮೇಲೂ ಚರ್ಚಿಸುತ್ತ ಮನೆಗೆ ನಡೆಯುವ ರಸಿಕರನ್ನು ಯಾರು ಕಂಡಿಲ್ಲ? ಅಂಥ ವಾದದ ರುಚಿ ಬಲ್ಲವರಿಗೆ, ಕಪ್ಪು ಅಂಗಿ ತೊಟ್ಟ ತರುಣರಿಬ್ಬರು ಒಂದು ಹಾಡು ‘ಥ್ರಾಷ್’ ಪಂಥದ್ದೋ ‘ಸ್ಪೀಡ್’ ಪಂಥದ್ದೋ ಎಂದು ನಡುರಾತ್ರಿಯವರೆಗೆ ಸೆಣಸುವುದು ವಿಚಿತ್ರವೆನಿಸಲಾರದು. ಹೆವಿ ಮೆಟಲ್ ಸಂಗೀತವನ್ನು ಹೊರಗಿನವರು ಬರಿಯ ಗದ್ದಲವೆಂದು ಕಿವಿ ಮುಚ್ಚಿಕೊಳ್ಳುತ್ತಾರೆ. ಒಳಗಿನವರಾದರೋ ಆ ಗದ್ದಲದಲ್ಲೇ ಹತ್ತಾರು ಮನೆತನಗಳನ್ನು ಗುರುತಿಸುತ್ತಾರೆ.

ಕಾರ್ಖಾನೆಯಲ್ಲಿ ಹುಟ್ಟಿದ ನಾದ

ಮೂಲದ ವಿಷಯದಲ್ಲಿ ಮಾತ್ರ ಹೆಚ್ಚಿನವರಿಗೆ ಒಮ್ಮತವಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಲೋಹದ ಕೆಲಸಕ್ಕೆ ಹೆಸರಾದ ನಗರ. ಅಲ್ಲಿನ ತಗಡಿನ ಕಾರ್ಖಾನೆಯೊಂದರಲ್ಲಿದ್ದ ಟೋನಿ ಐಯೋಮಿ ಎಂಬ ಹದಿನೇಳರ ಹುಡುಗ, ಕೆಲಸ ಬಿಡುವ ಕೊನೆಯ ದಿನ ಯಂತ್ರಕ್ಕೆ ಬಲಗೈಯ ಎರಡು ಬೆರಳ ತುದಿಗಳನ್ನು ಒಪ್ಪಿಸಿಬಿಟ್ಟ. ಎಡಚನಾದ ಅವನು ಗಿಟಾರಿನ ತಂತಿಗಳನ್ನು ಒತ್ತುತ್ತಿದ್ದುದು ಅದೇ ಕೈಯಿಂದ. ಇನ್ನು ಸಂಗೀತದ ಆಸೆ ಮುಗಿಯಿತೆಂದು ಕುಗ್ಗಿದ್ದವನ ಬಳಿಗೆ ಕಾರ್ಖಾನೆಯ ಮೇಸ್ತ್ರಿ ಒಂದು ಗ್ರಾಮಫೋನ್ ತಟ್ಟೆಯನ್ನು ತಂದ. ಬೆಂಕಿಯ ಅಪಘಾತದಲ್ಲಿ ಎರಡು ಬೆರಳುಗಳ ಶಕ್ತಿ ಕಳೆದುಕೊಂಡೂ ಕೀರ್ತಿ ಗಳಿಸಿದ ಜಾಂಗೊ ರೈನ್‌ಹಾರ್ಟನ ವಾದನ ಅದು. ಹುಡುಗನ ಮನಸ್ಸು ಚಿಗುರಿತು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳುಗಳಿಗೆ ಪುಟ್ಟ ಕುಲಾವಿಗಳನ್ನು ಮಾಡಿ, ಮೇಲೆ ಚರ್ಮ ಅಂಟಿಸಿಕೊಂಡ. ತೆಳ್ಳನೆಯ ತಂತಿಗಳನ್ನು ಬಿಗಿದ. ಮುಂದೆ ಶ್ರುತಿಯನ್ನೂ ಇಳಿಸಿದ. ನಾದ ಗಂಭೀರವಾಗಿ, ಭಾರವಾಗಿ ಹೊಮ್ಮಿತು.

ಐಯೋಮಿ, ಗಾಯಕ ಓಜಿ ಆಸ್ಬೋರ್ನ್, ಗೀಜರ್ ಬಟ್ಲರ್, ಬಿಲ್ ವಾರ್ಡ್—ಈ ನಾಲ್ವರ ‘ಬ್ಲ್ಯಾಕ್ ಸಬ್ಬತ್’ ತಂಡದ ಮೊದಲ ತಟ್ಟೆ 1970ರ ಫೆಬ್ರವರಿ 13ರಂದು ಹೊರಬಿತ್ತು. ವಿಮರ್ಶಕರು ಹಳಿದರು, ಜನ ಕೊಂಡರು. ಅದರ ಮೊದಲ ಹಾಡಿನ ಜೀವಾಳ ಮೂರೇ ಸ್ವರ: ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಷಡ್ಜ-ಪ್ರತಿಮಧ್ಯಮಗಳ ಈ ಅಂತರವನ್ನು ಯೂರೋಪಿನವರು ಸೈತಾನನದೆಂದು ಕರೆದರು. ಕರ್ನಾಟಕ ಸಂಗೀತದಲ್ಲಿ ಅದೇ ಪ್ರತಿಮಧ್ಯಮ ಕಲ್ಯಾಣಿಗೆ ಕಳೆ ತರುತ್ತದೆ. ಸ್ವರ ಒಂದೇ, ಕೇಳುವ ಕಿವಿ ಬೇರೆ!

ಕವಲೊಡೆದ ವಂಶ

ಬುಡದಿಂದ ಕೊಂಬೆಗೆ ಬಂದೊಡನೆ ಜಗಳ ಆರಂಭ. 1979ರ ಸುಮಾರಿಗೆ ಇಂಗ್ಲೆಂಡಿನಲ್ಲಿ ‘ಐರನ್ ಮೇಡನ್’ ಮೊದಲಾದ ತಂಡಗಳ ಹೊಸ ಅಲೆಯೆದ್ದಿತು. ಅದನ್ನು ಆಲಿಸಿದ ಅಮೆರಿಕದ ಹುಡುಗರು ಲಯವನ್ನು ಇನ್ನಷ್ಟು ದ್ರುತಗೊಳಿಸಿದರು. 1981ರಲ್ಲಿ ಹುಟ್ಟಿದ ‘ಮೆಟಾಲಿಕಾ’, ‘ಸ್ಲೇಯರ್’ ತಂಡಗಳು ಥ್ರಾಷ್ ಪಂಥದ ಹಿರಿಯರಾದವು. ಫ್ಲಾರಿಡಾದಲ್ಲಿ ಗುರುಗುಟ್ಟುವ ಕಂಠದ ‘ಡೆತ್ ಮೆಟಲ್’ ಬೆಳೆಯಿತು. ವಿಲಂಬ ಕಾಲವನ್ನೇ ನೆಚ್ಚಿದವರು ‘ಡೂಮ್’ ಪಂಥೀಯರಾದರು. ಕೀರಲು ಕಂಠ, ಬೇಕೆಂದೇ ಒರಟಾಗಿ ಉಳಿಸಿದ ಮುದ್ರಣ—ಇವು ನಾರ್ವೆಯ ‘ಬ್ಲ್ಯಾಕ್ ಮೆಟಲ್’ನ ಲಕ್ಷಣವಾದವು.

ಇಲ್ಲಿ ತೊಡಕುಗಳಿಗೆ ಕೊನೆಯಿಲ್ಲ. ‘ಬ್ಲ್ಯಾಕ್ ಮೆಟಲ್’ ಎಂಬ ಹೆಸರು ಬಂದದ್ದು ಇಂಗ್ಲೆಂಡಿನ ‘ವೆನಮ್’ ತಂಡದ 1982ರ ತಟ್ಟೆಯಿಂದ. ಆದರೆ ಹೆಸರು ಕೊಟ್ಟವರನ್ನೇ ಆ ಪಂಥದೊಳಗೆ ಸೇರಿಸಲು ಹಲವರು ಒಪ್ಪುವುದಿಲ್ಲ! ‘ಲೆಡ್ ಜೆಪ್ಪೆಲಿನ್’ ಈ ವಂಶದ್ದೇ ಅಥವಾ ನೆರೆಮನೆಯದೇ? 1991ರಲ್ಲಿ ವೇಗ ತಗ್ಗಿಸಿ ಕೋಟಿಗಟ್ಟಲೆ ತಟ್ಟೆ ಮಾರಿದ ‘ಮೆಟಾಲಿಕಾ’ ಬೆಳೆಯಿತೇ, ಕೆಟ್ಟಿತೇ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಅಭಿಮಾನಿಗಳಿಗೇ ಬೇಸರವಾದೀತು.

ನಂಟೂ ವಿಷವೂ

ಈ ವಾದಕ್ಕೆ ಕಾರಣವಿಲ್ಲದಿಲ್ಲ. ರೇಡಿಯೋ ಈ ಹಾಡುಗಳಿಗೆ ಎಡೆಕೊಡದಿದ್ದ ದಿನಗಳಲ್ಲಿ ಅಭಿಮಾನಿಗಳು ಕ್ಯಾಸೆಟ್ಟುಗಳ ಮೇಲೆ ಪ್ರತಿ ತೆಗೆದು, ಮುಖ ಕಂಡರಿಯದ ಗೆಳೆಯರಿಗೆ ಖಂಡಾಂತರ ಅಂಚೆಯಲ್ಲಿ ಕಳುಹಿಸುತ್ತಿದ್ದರು. ‘ಮೆಟಾಲಿಕಾ’ದ ಹೆಸರು ಮೊದಲು ಹಬ್ಬಿದ್ದೇ ಹೀಗೆ, 1982ರಲ್ಲಿ, ಮೊದಲ ತಟ್ಟೆ ಬರುವುದಕ್ಕೂ ಮುಂಚೆ. ಕಾಣದ ಗೆಳೆಯನಿಗೆ ಹಾಡಿನ ಗುಣವನ್ನು ಪತ್ರದಲ್ಲಿ ತಿಳಿಸಬೇಕಾದರೆ ಕರಾರುವಾಕ್ಕಾದ ಹೆಸರುಗಳು ಬೇಕು. ಪಂಥಗಳ ಹೆಸರು ಸ್ನೇಹದ ಭಾಷೆಯಾಗಿತ್ತು.

ಆದರೆ ಅದೇ ಹೆಸರು ಬೇಲಿಯೂ ಆದೀತು. ಹೊಸದಾಗಿ ಬಂದ ಹುಡುಗಿಯೊಬ್ಬಳು ಒಂದು ತಂಡದ ಚಿತ್ರವಿರುವ ಅಂಗಿ ತೊಟ್ಟರೆ, ಆ ತಂಡದ ಮೂರು ಹಾಡುಗಳ ಹೆಸರು ಹೇಳೆಂದು ಪರೀಕ್ಷಿಸುವ ಜಂಬದವರುಂಟು. ಶುದ್ಧಿಯ ಹಟ ತಲೆಗೇರಿದರೆ ಏನಾದೀತೆಂಬುದಕ್ಕೆ ನಾರ್ವೆಯೇ ಸಾಕ್ಷಿ: ತೊಂಬತ್ತರ ದಶಕದ ಮೊದಲಲ್ಲಿ ಅಲ್ಲಿನ ಈ ಪಂಥದ ಕೆಲವರು ಚರ್ಚುಗಳಿಗೆ ಬೆಂಕಿಯಿಟ್ಟರು, 1993ರಲ್ಲಿ ವಾದಕನೊಬ್ಬ ಇನ್ನೊಬ್ಬ ವಾದಕನನ್ನೇ ಕೊಂದ. ಸಂಗೀತದ ವಾದ ಸಂಗೀತವನ್ನು ಮರೆತಾಗ ಬರಿಯ ದ್ವೇಷ ಉಳಿಯುತ್ತದೆ.

ಅದೃಷ್ಟವಶಾತ್ ಹೆಚ್ಚಿನವರ ಹಾದಿ ಅದಲ್ಲ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಐರನ್ ಮೇಡನ್’ ಭಾರತದಲ್ಲೇ ಮೊದಲ ಬಾರಿಗೆ ಹಾಡಿದಾಗ, ಅದೇ ಊರಿನಲ್ಲಿ 1998ರಲ್ಲಿ ಹುಟ್ಟಿದ ‘ಕ್ರಿಪ್ಟೋಸ್’ ತಂಡ ಆ ಹಳೆಯ ಇಂಗ್ಲಿಷ್ ಮಾರ್ಗವನ್ನು ಅದಾಗಲೇ ಅಭ್ಯಸಿಸುತ್ತಿತ್ತು. ಬಳಿಕ ಅದು ಜರ್ಮನಿಯ ವಾಕೆನ್ ಗ್ರಾಮದ ಪ್ರಸಿದ್ಧ ಮೆಟಲ್ ಉತ್ಸವದಲ್ಲಿಯೂ ನುಡಿಸಿತು.

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ, ತಾವು ಬೆಳೆದ ಬಡಾವಣೆಯಲ್ಲೇ, ಆ ನಾಲ್ವರೂ ಕಡೆಯ ಬಾರಿಗೆ ಒಂದುಗೂಡಿದರು. ಪಾರ್ಕಿನ್‌ಸನ್ ರೋಗದಿಂದ ಬಳಲಿದ್ದ ಆಸ್ಬೋರ್ನ್ ಆಸನದಲ್ಲಿ ಕುಳಿತೇ ಹಾಡಿದ. ‘ಮೆಟಾಲಿಕಾ’, ‘ಸ್ಲೇಯರ್’, ಫ್ರಾನ್ಸಿನ ‘ಗೊಜಿರಾ’—ಬೇರೆಬೇರೆ ಕವಲಿನವರು ಅಂದು ಅದೇ ವೇದಿಕೆಯೇರಿ ಹಿರಿಯರಿಗೆ ಕಾಣಿಕೆ ಸಲ್ಲಿಸಿದರು. ಹದಿನೇಳು ದಿನಗಳ ತರುವಾಯ ಆಸ್ಬೋರ್ನ್ ಕಣ್ಮುಚ್ಚಿದ. ಆ ದುಃಖದಲ್ಲಿ ಥ್ರಾಷ್, ಡೂಮ್, ಡೆತ್ ಎಂಬ ಭೇದವಿರಲಿಲ್ಲ. ದುಃಖ ಶಮನವಾದ ಮೇಲೆ ವಾದ ಮತ್ತೆ ಮೊದಲಾಗುವುದೂ ಸಹಜವೇ. ಜೀವಂತವಾಗಿರುವ ಮನೆತನದ ಲಕ್ಷಣ ಅದು.