ಗ್ರೀಕರ ತತ್ತ್ವಜ್ಞಾನವೂ ಸಾಹಿತ್ಯವೂ

ಹೆಣ್ಣುಮಕ್ಕಳಿಗೆ ಗಣಿತವನ್ನೂ ಭೂಗೋಲವನ್ನೂ ವಿಜ್ಞಾನವನ್ನೂ ಕಲಿಸಬೇಕೆಂಬ ವಿಷಯದಲ್ಲಿ ಈಗ ತಾಯಿತಂದೆಗಳಿಗೆ ಸಂದೇಹವಿಲ್ಲ. ಆದರೆ ಕಥೆ, ಕಾದಂಬರಿ, ನಾಟಕಗಳ ಮಾತು ಬಂದೊಡನೆ ಅನೇಕರ ಮನಸ್ಸು ಹಿಂಜರಿಯುತ್ತದೆ. ಇವುಗಳಿಂದ ಪರೀಕ್ಷೆಯಲ್ಲಿ ಮಾರ್ಕುಗಳು ಹೆಚ್ಚುವದಿಲ್ಲ, ಮನೆಗೆಲಸವೂ ಸಾಗುವದಿಲ್ಲ; ಇಲ್ಲದ ಹಂಬಲಗಳೂ ಸಲ್ಲದ ಕಣ್ಣೀರೂ ಮಾತ್ರ ಹೆಚ್ಚುತ್ತವೆ ಎಂದು ಅವರು ಹೇಳುವದುಂಟು. ಈ ಆಕ್ಷೇಪಣೆಯನ್ನು ನಕ್ಕು ಬಿಟ್ಟುಬಿಡುವಂತಿಲ್ಲ. ಏಕೆಂದರೆ ಸುಮಾರು ೨೪೦೦ ವರ್ಷಗಳ ಹಿಂದೆ ಗ್ರೀಸ್ ದೇಶದ ಮಹಾತತ್ತ್ವಜ್ಞಾನಿಯೊಬ್ಬನು ಇಂಥದೇ ಆಕ್ಷೇಪಣೆಯನ್ನು ತಂದನು. ಅವನ ಶಿಷ್ಯನೇ ಅದಕ್ಕೆ ಉತ್ತರವನ್ನೂ ಕೊಟ್ಟನು. ಆ ಗುರುಶಿಷ್ಯರ ವಾದವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಸಂಕ್ಷೇಪವಾಗಿ ಇಡಬೇಕೆಂಬುದೇ ಈ ಲೇಖನದ ಉದ್ದೇಶವು. ಹಿರಣ್ಯಕೇಶಿಯ ದಂಡೆಯ ಸಂಕೇಶ್ವರಕ್ಕೂ ಅಥೆನ್ಸ್ ಪಟ್ಟಣಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ, ಅದನ್ನೂ ಮುಂದೆ ಹೇಳುವೆವು.

ಗ್ರೀಕರಲ್ಲಿ ತತ್ತ್ವಜ್ಞಾನಕ್ಕಿಂತ ಮೊದಲು ಕಾವ್ಯವು ಹುಟ್ಟಿತು. ನಮ್ಮ ಹಳ್ಳಿಗಳಲ್ಲಿ ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿ ಭಾರತವನ್ನೂ ಓದಿಸಿ ಕೇಳಿದಂತೆ, ಗ್ರೀಕರು ಹೋಮರನ ಕಾವ್ಯಗಳನ್ನು ಕೇಳಿ ಬೆಳೆದರು. ದೇವರು ಎಂಥವನು, ವೀರನು ಹೇಗಿರಬೇಕು, ಅತಿಥಿಯನ್ನು ಹೇಗೆ ಸತ್ಕರಿಸಬೇಕು ಎಂಬುದೆಲ್ಲವೂ ಅವರಿಗೆ ಕಾವ್ಯದಿಂದಲೇ ತಿಳಿಯುತ್ತಿತ್ತು. ಕ್ರಿ. ಪೂ. ೬ನೆಯ ಶತಮಾನದಲ್ಲಿ ಹುಟ್ಟಿದ ಕ್ಸೆನೊಫನೀಸನೆಂಬವನು, ಹೋಮರನೂ ಹೆಸಿಯಡನೂ ಮನುಷ್ಯರಲ್ಲಿ ನಾಚಿಕೆಗೆ ಕಾರಣವಾದ ಕಳವು, ವ್ಯಭಿಚಾರ, ಮೋಸಗಳನ್ನು ದೇವತೆಗಳಿಗೆ ಅಂಟಿಸಿದರೆಂದು ದೂರಿದನು. ಆದರೆ ಆ ದೂರನ್ನು ಸಹ ಅವನು ಪದ್ಯದಲ್ಲಿಯೇ ಬರೆದನು. ಅವನ ತರುವಾಯ ಪಾರ್ಮೆನೈಡೀಸ್, ಎಂಪೆಡೊಕ್ಲೀಸ್ ಎಂಬ ತತ್ತ್ವಜ್ಞಾನಿಗಳೂ ತಮ್ಮ ವಿಚಾರಗಳನ್ನು ಪದ್ಯರೂಪದಲ್ಲಿಯೇ ಹೇಳಿದರು. ತತ್ತ್ವಜ್ಞಾನವು ಕಾವ್ಯದೊಡನೆ ಜಗಳವಾಡಿತು ನಿಜ. ಆದರೆ ಅದು ಮಗಳು ತಾಯಿಯೊಡನೆ ಆಡಿದ ಜಗಳವಾಗಿತ್ತು.

ಸಾಕ್ರೆಟೀಸನ ಜೀವನದಲ್ಲಿಯೂ ಈ ಎರಡು ಮುಖಗಳು ಕಾಣುತ್ತವೆ. ಕ್ರಿ. ಪೂ. ೪೨೩ರಲ್ಲಿ ಅರಿಸ್ಟೊಫನೀಸನೆಂಬ ನಾಟಕಕಾರನು ‘ಮೋಡಗಳು’ ಎಂಬ ಪ್ರಹಸನದಲ್ಲಿ ಅವನನ್ನು ರಂಗದ ಮೇಲೆ ತಂದು ನಗೆಗೀಡುಮಾಡಿದನು. ಕ್ರಿ. ಪೂ. ೩೯೯ರಲ್ಲಿ ಅವನ ವಿಚಾರಣೆ ನಡೆದಾಗ, ಜನರ ಮನಸ್ಸಿನಲ್ಲಿ ತನ್ನ ವಿಷಯವಾಗಿ ಬಹುಕಾಲದಿಂದ ಬೇರೂರಿದ್ದ ತಪ್ಪು ಭಾವನೆಯನ್ನು ಹೇಳುವಾಗ ಅವನು ಆ ಪ್ರಹಸನವನ್ನು ನೆನೆಸಿದನೆಂದು ಪ್ಲೇಟೋ ಬರೆದಿದ್ದಾನೆ. ಅದೇ ಸಾಕ್ರೆಟೀಸನು ಸೆರೆಮನೆಯಲ್ಲಿ ಮರಣವನ್ನು ಎದುರುನೋಡುತ್ತಿದ್ದಾಗ ಮಾಡಿದ ಕೆಲಸವಾದರೂ ಯಾವದು? ಈಸೋಪನ ನೀತಿಕಥೆಗಳನ್ನು ಪದ್ಯಕ್ಕೆ ತಿರುಗಿಸಿದನು. ನಮ್ಮ ಚಿಕ್ಕ ಮಕ್ಕಳು ಕೆಳಗಿನ ತರಗತಿಗಳಲ್ಲಿ ಓದುವ ಮೊಲ ಆಮೆಗಳ ಕಥೆಗಳೂ ನರಿ ದ್ರಾಕ್ಷಿಗಳ ಕಥೆಗಳೂ ಇದೇ ಈಸೋಪನ ಹೆಸರಿನಿಂದ ಬಂದವು. ಆದುದರಿಂದ ನಮ್ಮ ಹುಡುಗಿಯರು ತಿಳಿಯದೆಯೇ ಗ್ರೀಕ ಸಾಹಿತ್ಯದ ಬಾಗಿಲಲ್ಲಿ ಕಾಲಿಟ್ಟಿದ್ದಾರೆ.

ಇನ್ನು ಪ್ಲೇಟೋವಿನ ಮಾತಿಗೆ ಬರೋಣ. ‘ರಿಪಬ್ಲಿಕ್’ ಎಂಬ ತನ್ನ ದೊಡ್ಡ ಗ್ರಂಥದಲ್ಲಿ ಅವನು ಒಂದು ಆದರ್ಶ ರಾಜ್ಯವನ್ನು ಕಲ್ಪಿಸಿದ್ದಾನೆ. ಅದರ ೫ನೆಯ ಭಾಗದಲ್ಲಿ, ರಾಜ್ಯವನ್ನು ಕಾಯುವ ಸ್ತ್ರೀಯರಿಗೆ ಪುರುಷರಿಗೆ ಕೊಡುವ ಶಿಕ್ಷಣವನ್ನೇ ಕೊಡಬೇಕೆಂದು ಅವನು ವಾದಿಸುತ್ತಾನೆ. ಕುರಿಗಳನ್ನು ಕಾಯುವ ನಾಯಿಗಳಲ್ಲಿ ಗಂಡುನಾಯಿ ಮಾತ್ರ ಕಾಯಲಿ, ಹೆಣ್ಣುನಾಯಿ ಮರಿಗಳೊಡನೆ ಮನೆಯಲ್ಲಿರಲಿ ಎಂದು ಯಾವ ಕುರುಬನಾದರೂ ಹೇಳುವನೇ ಎಂಬುದು ಅವನ ದೃಷ್ಟಾಂತವು. ಅವನ ವಿದ್ಯಾಪೀಠದಲ್ಲಿ ಲಾಸ್ಥೆನಿಯ, ಅಕ್ಸಿಯೊಥಿಯ ಎಂಬ ಇಬ್ಬರು ಸ್ತ್ರೀಯರು ಶಿಷ್ಯರಾಗಿದ್ದರೆಂದೂ, ಇವರಲ್ಲಿ ಎರಡನೆಯವಳು ಗಂಡಸಿನ ಉಡುಪು ಧರಿಸುತ್ತಿದ್ದಳೆಂದೂ ಪುರಾತನ ಚರಿತ್ರಕಾರರು ಬರೆದಿಟ್ಟಿದ್ದಾರೆ. ಹೆಣ್ಣುಮಕ್ಕಳ ಶಾಲೆಗೆ ಇವನಿಗಿಂತ ಹಿರಿಯ ಬೆಂಬಲಿಗನನ್ನು ಪ್ರಾಚೀನ ಗ್ರೀಸಿನಲ್ಲಿ ಹುಡುಕುವದು ಕಷ್ಟ.

ಆದರೆ ಅದೇ ಗ್ರಂಥದ ೧೦ನೆಯ ಭಾಗದಲ್ಲಿ ಅವನು ಕವಿಗಳಿಗೆ ಆ ರಾಜ್ಯದ ಬಾಗಿಲನ್ನು ಮುಚ್ಚುತ್ತಾನೆ. ದೇವತೆಗಳ ಮತ್ತು ಸತ್ಪುರುಷರ ಸ್ತುತಿಗಳನ್ನು ಮಾತ್ರ ಒಳಗೆ ಬಿಡುತ್ತಾನೆ. ಇದಕ್ಕೆ ಅವನು ಎರಡು ಕಾರಣಗಳನ್ನು ಕೊಡುತ್ತಾನೆ. ಮೊದಲನೆಯದು: ಮಂಚವೆಂಬುದರ ನಿಜಸ್ವರೂಪವು ಒಂದು, ಬಡಿಗನು ಅದನ್ನು ಅನುಸರಿಸಿ ಮಾಡಿದ ಮಂಚವು ಎರಡನೆಯದು, ಚಿತ್ರಗಾರನು ಬಡಿಗನ ಮಂಚವನ್ನು ನೋಡಿ ಬರೆದ ಚಿತ್ರವು ಮೂರನೆಯದು. ಕವಿಯು ಈ ಚಿತ್ರಗಾರನಂತೆ ಸತ್ಯದಿಂದ ದೂರ ನಿಂತವನು. ಅವನ ಮಂಚದ ಮೇಲೆ ಯಾರೂ ಮಲಗಲಾರರು. ಎರಡನೆಯದು: ದುಃಖ, ಕೋಪ, ಕಾಮ ಮೊದಲಾದ ವಿಕಾರಗಳು ಒಣಗಿ ಹೋಗಬೇಕಾದವುಗಳು, ಕವಿಯು ಅವಕ್ಕೆ ನೀರೆರೆಯುತ್ತಾನೆ. ನಾಟಕಶಾಲೆಯಲ್ಲಿ ಪರರ ದುಃಖಕ್ಕೆ ಅತ್ತು ರೂಢಿಯಾದವನು ತನ್ನ ದುಃಖವನ್ನು ಧೈರ್ಯದಿಂದ ತಾಳಲಾರನು. ಇಲ್ಲಿ ನಮ್ಮ ಪಾಲಕರ ಆಕ್ಷೇಪಣೆಯು ತನ್ನ ಪೂರ್ಣ ಬಲದೊಡನೆ ನಿಂತಿದೆ. ಆದರೂ ಪ್ಲೇಟೋ ಬಾಗಿಲಿಗೆ ಅಗಣಿ ಹಾಕಲಿಲ್ಲ. ಕವಿಯ ಪಕ್ಷವನ್ನು ಹಿಡಿದು, ಕಾವ್ಯವು ಇಂಪಾದುದು ಮಾತ್ರವಲ್ಲ, ಬಾಳಿಗೆ ಉಪಯುಕ್ತವೂ ಅಹುದೆಂದು ಯಾರಾದರೂ ಗದ್ಯದಲ್ಲಿ ಸಾಧಿಸಿ ತೋರಿಸಿದರೆ ಸಂತೋಷದಿಂದ ಕೇಳುವೆವೆಂದು ಅವನು ಸೂಚಿಸಿದನು.

ಆ ಕರೆಗೆ ಓಗೊಟ್ಟವನು ಅರಿಸ್ಟಾಟಲನು. ಅವನು ೧೭ ವರ್ಷದ ಹುಡುಗನಾಗಿ ಪ್ಲೇಟೋವಿನ ವಿದ್ಯಾಪೀಠವನ್ನು ಸೇರಿ, ಗುರುವು ಕ್ರಿ. ಪೂ. ೩೪೭ರಲ್ಲಿ ತೀರಿಕೊಳ್ಳುವ ವರೆಗೆ, ಅಂದರೆ ಸುಮಾರು ೨೦ ವರ್ಷ, ಅಲ್ಲಿಯೇ ಇದ್ದನು. ಅವನ ‘ಪೊಯೆಟಿಕ್ಸ್’ ಎಂಬ ಕಾವ್ಯಮೀಮಾಂಸೆಯು ಚಿಕ್ಕ ಪುಸ್ತಕವು. ಅದರಲ್ಲಿ ಅವನು ಹೇಳುವದೇನೆಂದರೆ: ಅನುಕರಣವು ಮನುಷ್ಯನಿಗೆ ಬಾಲ್ಯದಿಂದ ಬಂದ ಸ್ವಭಾವವು, ಮಗುವು ಮೊದಲನೆಯ ಪಾಠಗಳನ್ನು ಅನುಕರಣದಿಂದಲೇ ಕಲಿಯುತ್ತದೆ, ಕಲಿಯುವದು ಎಲ್ಲರಿಗೂ ಆನಂದದಾಯಕವು. ಇತಿಹಾಸಕಾರನು ನಡೆದುಹೋದುದನ್ನು ಹೇಳುತ್ತಾನೆ. ಕವಿಯು ಇಂಥ ಸ್ವಭಾವದವನು ಇಂಥ ಸಂಧಿಯಲ್ಲಿ ಏನು ಮಾಡಿಯಾನೆಂಬುದನ್ನು ಹೇಳುತ್ತಾನೆ. ಆದುದರಿಂದ ಕಾವ್ಯವು ಇತಿಹಾಸಕ್ಕಿಂತ ಹೆಚ್ಚು ತತ್ತ್ವಪೂರ್ಣವಾದುದು. ಇನ್ನು ಕಣ್ಣೀರಿನ ಮಾತು. ದುರಂತ ನಾಟಕವು ಕರುಣೆಯನ್ನೂ ಭಯವನ್ನೂ ಹುಟ್ಟಿಸಿ ಅವುಗಳ ‘ಕೆಥಾರ್ಸಿಸ್’ ಮಾಡುತ್ತದೆ ಎಂದನು. ಈ ಪದಕ್ಕೆ ದೋಷವನ್ನು ಹೊರಹಾಕುವದೆಂದು ಕೆಲವರೂ, ಶುದ್ಧಿಗೊಳಿಸುವದೆಂದು ಕೆಲವರೂ ಅರ್ಥ ಮಾಡುತ್ತಾರೆ. ಹೇಗೆ ಹೇಳಿದರೂ ತಾತ್ಪರ್ಯವಿಷ್ಟೇ: ಭಾವನೆಗಳನ್ನು ಒಣಗಿಸಬೇಕಾಗಿಲ್ಲ, ಅವುಗಳಿಗೆ ಶಿಕ್ಷಣ ಕೊಡಬೇಕು.

ಆದರೆ ಕವಿಗೆ ಬಾಗಿಲು ತೆರೆದ ಈ ಅರಿಸ್ಟಾಟಲನು ಹೆಣ್ಣಿಗೆ ಅದನ್ನು ಮುಚ್ಚಿದನು. ‘ಪಾಲಿಟಿಕ್ಸ್’ ಎಂಬ ರಾಜನೀತಿಯ ಗ್ರಂಥದಲ್ಲಿ ಅವನು, ಪುರುಷನು ಸ್ವಭಾವತಃ ಆಳತಕ್ಕವನು, ಸ್ತ್ರೀಯು ಆಳಿಸಿಕೊಳ್ಳತಕ್ಕವಳು ಎಂದು ಹೇಳಿ, ಮೌನವಾಗಿರುವದೇ ಸ್ತ್ರೀಗೆ ಶೋಭೆಯೆಂಬ ಅರ್ಥದ ಒಂದು ಕವಿವಾಕ್ಯವನ್ನು ಸಾಕ್ಷಿಗೆ ತರುತ್ತಾನೆ. ಆ ವಾಕ್ಯವು ಎಲ್ಲಿಯದು? ಸೊಫೊಕ್ಲೀಸನ ‘ಏಜಾಕ್ಸ್’ ನಾಟಕದ್ದು. ನಾಟಕವನ್ನು ತೆರೆದು ನೋಡಿದರೆ ಸಂಗತಿಯು ಬೇರೆಯೇ ಆಗಿದೆ. ಮಾನಭಂಗದಿಂದ ಕುದಿಯುತ್ತಿದ್ದ ಏಜಾಕ್ಸನು ನಡುರಾತ್ರಿಯಲ್ಲಿ ಖಡ್ಗವನ್ನು ಹಿಡಿದು ಹೊರಡುತ್ತಾನೆ. ಯಾರೂ ಕರೆಯದೆ ಈ ಹೊತ್ತಿನಲ್ಲಿ ಎಲ್ಲಿಗೆ ಹೊರಟಿರಿ ಎಂದು ಅವನ ಮಡದಿ ಟೆಕ್ಮೆಸ್ಸಳು ಕೇಳುತ್ತಾಳೆ. ಆಗ ಅವನು ಅವಳ ಬಾಯಿ ಮುಚ್ಚಿಸಲು ಆಡಿದ ಮಾತು ಅದು. ಮುಂದೇನಾಯಿತು? ಉನ್ಮಾದದಲ್ಲಿ ಅವನು ದನಕುರಿಗಳನ್ನೇ ಶತ್ರುಗಳೆಂದು ತಿಳಿದು ಕಡಿದನು. ಎಚ್ಚರವಾದ ಮೇಲೆ ನಾಚಿಕೆಯಿಂದ ತನ್ನ ಖಡ್ಗದ ಮೇಲೆಯೇ ಬಿದ್ದು ಸತ್ತನು. ಮಡದಿಯ ಪ್ರಶ್ನೆಗೆ ಕಿವಿಗೊಟ್ಟಿದ್ದರೆ ಆ ಮನೆಯು ಉಳಿಯುತ್ತಿತ್ತೋ ಏನೋ! ತತ್ತ್ವಜ್ಞಾನಿಯು ಒಂದು ವಾಕ್ಯವನ್ನು ಕಿತ್ತು ನಿಯಮವನ್ನಾಗಿ ಮಾಡಿದನು. ಕವಿಯಾದರೋ ಅದನ್ನು ಯಾರು, ಯಾರಿಗೆ, ಯಾವ ಗಳಿಗೆಯಲ್ಲಿ ಹೇಳಿದರು, ಅದರ ಫಲವೇನಾಯಿತು ಎಂಬುದನ್ನೆಲ್ಲ ತೋರಿಸಿದ್ದನು.

ಇದೇ ಅರಿಸ್ಟಾಟಲನಿಗೆ ಮತ್ತೊಂದು ಗ್ರಂಥದಲ್ಲಿ, ಬರೆದಿಟ್ಟ ಕಾಯಿದೆಗಳಿಗಿಂತ ಮೇಲಾದ, ಎಲ್ಲ ಜನರಿಗೂ ಸಲ್ಲುವ ಧರ್ಮವೊಂದುಂಟೆಂದು ತೋರಿಸಲು ದೃಷ್ಟಾಂತವು ಬೇಕಾಯಿತು. ಆಗ ಅವನು ನೆನೆದುದು ಯಾವ ರಾಜನನ್ನೂ ಅಲ್ಲ, ಯಾವ ಋಷಿಯನ್ನೂ ಅಲ್ಲ. ಸೊಫೊಕ್ಲೀಸನ ನಾಟಕದ ಆಂಟಿಗನೆ ಎಂಬ ಕನ್ಯೆಯನ್ನು. ಅರಸನ ಆಜ್ಞೆಯನ್ನು ಮೀರಿ, ಸತ್ತ ಅಣ್ಣನ ಶವಸಂಸ್ಕಾರವನ್ನು ಮಾಡಿ, ಅದಕ್ಕಾಗಿ ಪ್ರಾಣವನ್ನು ತೆತ್ತವಳು ಅವಳು. ಹೆಣ್ಣು ಮೌನವಾಗಿರಲಿ ಎಂದ ತತ್ತ್ವಜ್ಞಾನಿಗೂ ಒಬ್ಬ ಹುಡುಗಿಯ ಮಾತೇ ಆಧಾರವಾಯಿತು. ಈ ನಾಟಕವನ್ನು ಪಿ. ಲಂಕೇಶರು ಕನ್ನಡಕ್ಕೆ ತಂದಿದ್ದಾರೆ. ನಮ್ಮ ವಿದ್ಯಾರ್ಥಿನಿಯರು ಇದನ್ನು ಓದತಕ್ಕದ್ದು.

ನಮ್ಮ ಶಾಲೆಯಂಥ ಮಿಶನ್ ಶಾಲೆಗಳಿಗೆ ಈ ವಿಷಯದಲ್ಲಿ ಇನ್ನೊಂದು ಮಾದರಿಯೂ ಉಂಟು. ಸತ್ಯವೇದದಲ್ಲಿ ಅಥೇನೆಯೆಂದು ಹೆಸರಾದ ಇದೇ ಅಥೆನ್ಸಿಗೆ ಸಂತ ಪೌಲನು ಕ್ರಿ. ಶ. ೫೦ರ ಸುಮಾರಿಗೆ ಬಂದು, ಎಪಿಕೂರಿಯರು, ಸ್ತೋಯಿಕರು ಎಂಬ ತತ್ತ್ವವಿಚಾರಕರೊಡನೆ ಸಂವಾದ ಮಾಡಿದನೆಂದು ಅಪೊಸ್ತಲರ ಕೃತ್ಯಗಳ ೧೭ನೆಯ ಅಧ್ಯಾಯದಲ್ಲಿ ಓದುತ್ತೇವೆ. ಅರಿಯೊಪಾಗದಲ್ಲಿ ನಿಂತು ಅವನು ಗ್ರೀಕ ಕವಿಗಳ ಮಾತನ್ನೇ ಆಧಾರವಾಗಿ ತೆಗೆದುಕೊಂಡನು. ಆ ಮಾತು ನಕ್ಷತ್ರಗಳನ್ನು ಕುರಿತು ಕಾವ್ಯ ಬರೆದ ಅರಾಟಸನದು; ಅವನು ಪೌಲನಂತೆಯೇ ಕಿಲಿಕ್ಯ ಸೀಮೆಯವನು. ಪರಕೀಯರ ಕಾವ್ಯವೆಂದು ಪೌಲನು ಅದನ್ನು ತಳ್ಳಲಿಲ್ಲ. ಆ ದಿನ ನಂಬಿದವರೊಳಗೆ ದಾಮರಿಯೆಂಬ ಸ್ತ್ರೀಯ ಹೆಸರೂ ಬರೆಯಲ್ಪಟ್ಟಿದೆ. ಯೋಹಾನನ ಸುವಾರ್ತೆಯ ಆದಿಯಲ್ಲಿ ನಾವು ‘ವಾಕ್ಯ’ವೆಂದು ಓದುವ ಪದವು ಮೂಲದಲ್ಲಿ ‘ಲೋಗೊಸ್’. ಅದು ಹೆರಾಕ್ಲೈಟಸನ ಕಾಲದಿಂದ ಗ್ರೀಕ ತತ್ತ್ವಜ್ಞಾನಿಗಳ ನಾಲಗೆಯ ಮೇಲೆ ಆಡಿದ ಪದವು.

ಕನ್ನಡನಾಡಿಗೆ ಗ್ರೀಕ ನಾಟಕದ ದೀಪವನ್ನು ತಂದವರಲ್ಲಿ ಬಿ. ಎಂ. ಶ್ರೀಕಂಠಯ್ಯನವರು (೧೮೮೪–೧೯೪೬) ಅಗ್ರಗಣ್ಯರು. ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಇವರು ಜೀವಿತದ ಕೊನೆಯ ವರ್ಷಗಳನ್ನು ನಮ್ಮ ಧಾರವಾಡದಲ್ಲಿ ಕಾಲೇಜಿನ ಪ್ರಿನ್ಸಿಪಾಲರಾಗಿ ಕಳೆದರು. ದುರಂತ ನಾಟಕವನ್ನು ಅವರು ‘ರುದ್ರನಾಟಕ’ವೆಂದು ಕರೆದರು. ೧೯೨೬ರಲ್ಲಿ ರನ್ನನ ಗದಾಯುದ್ಧವನ್ನು ನಾಟಕರೂಪಕ್ಕೆ ತಂದರು. ಪೂರಾ ಒಳ್ಳೆಯವನೂ ಅಲ್ಲದ, ಪೂರಾ ದುಷ್ಟನೂ ಅಲ್ಲದ ಹಿರಿಯನೊಬ್ಬನು ತನ್ನ ತಪ್ಪಿನಿಂದ ಕೆಡುವದೇ ದುರಂತಕ್ಕೆ ತಕ್ಕ ಕಥೆಯೆಂದು ಅರಿಸ್ಟಾಟಲನು ಹೇಳಿದ್ದನು. ರನ್ನನ ದುರ್ಯೋಧನನಲ್ಲಿ ಅಂಥ ನಾಯಕನು ಸಾವಿರ ವರ್ಷಗಳ ಹಿಂದೆಯೇ ಕನ್ನಡದಲ್ಲಿ ಹುಟ್ಟಿದ್ದನು. ೧೯೨೯ರ ‘ಅಶ್ವತ್ಥಾಮನ್’ ನಾಟಕಕ್ಕೆ ಆಧಾರವು ಮೇಲೆ ಹೇಳಿದ ‘ಏಜಾಕ್ಸ್’ ನಾಟಕವೇ. ಚಿರಂಜೀವಿಯೆಂದು ಪ್ರಸಿದ್ಧನಾದ ಅಶ್ವತ್ಥಾಮನು ಇಲ್ಲಿ ಏಜಾಕ್ಸನಂತೆ ಸಾಯುತ್ತಾನೆ. ೧೯೩೫ರ ‘ಪಾರಸಿಕರು’ ನಾಟಕವು ಈಸ್ಕಿಲಸನದು. ಪಾರಸಿಕರು ಕ್ರಿ. ಪೂ. ೪೮೦ರಲ್ಲಿ ಗ್ರೀಸಿನ ಮೇಲೆ ದಂಡೆತ್ತಿ ಬಂದು ಅಥೆನ್ಸನ್ನು ಸುಟ್ಟು, ಸಮುದ್ರಯುದ್ಧದಲ್ಲಿ ಸೋತರು. ಎಂಟೇ ವರ್ಷಗಳಲ್ಲಿ ಆ ಅಥೆನ್ಸಿನ ಜನರೇ ನಾಟಕಶಾಲೆಯಲ್ಲಿ ಕುಳಿತು, ಸೋತ ಶತ್ರುವಿನ ತಾಯಿಯ ಶೋಕವನ್ನು ಕಂಡರು. ಶತ್ರುವಿಗಾಗಿ ಮರುಗುವ ಕಣ್ಣೀರನ್ನು ದೌರ್ಬಲ್ಯವೆನ್ನಬಹುದೇ?

ಇಷ್ಟು ದೂರ ಹೋಗುವದೇಕೆ? ನಮ್ಮ ನೆರೆಯ ಮೂಡಲಗಿ ತಾಲೂಕಿನ ಕುಲಗೋಡದ ತಮ್ಮಣ್ಣನು ಬೆಳೆಯಿಸಿದ ಶ್ರೀಕೃಷ್ಣ ಪಾರಿಜಾತದ ಆಟವನ್ನು ಈ ಸೀಮೆಯಲ್ಲಿ ಅರಿಯದವರಾರು? ಗ್ರೀಕ ನಾಟಕದಲ್ಲಿ ಮೇಳದವರು ಹಾಡುತ್ತ, ಪಾತ್ರಗಳೊಡನೆ ಮಾತಾಡುತ್ತ ಕಥೆಯ ಒಳಗೂ ಹೊರಗೂ ಇರುತ್ತಿದ್ದರು. ಪಾರಿಜಾತದಲ್ಲಿ ಭಾಗವತನೂ ಹಿಮ್ಮೇಳದವರೂ ಹಾಗೆಯೇ. ಪಾರಿಜಾತದ ಹೂವು ರುಕ್ಮಿಣಿಗೆ ಸಂದಿತೆಂದು ಸತ್ಯಭಾಮೆಯು ಮುನಿಯುತ್ತಾಳೆ. ದೇವರನ್ನು ಮನೆಯ ಜಗಳದಲ್ಲಿ ಸಿಕ್ಕಿಸುವ ಇಂಥ ಆಟವನ್ನು ಪ್ಲೇಟೋ ತನ್ನ ರಾಜ್ಯದೊಳಗೆ ಬಿಡುತ್ತಿರಲಿಲ್ಲ. ಆದರೆ ಸತ್ಯಭಾಮೆಯ ಗರ್ವವನ್ನು ಕಂಡು ನಕ್ಕ ಹೆಂಗಸು, ನಗುನಗುತ್ತಲೇ ತನ್ನ ಗರ್ವವನ್ನೂ ಗುರುತಿಸಿಕೊಳ್ಳುತ್ತಾಳೆ. ಅರಿಸ್ಟಾಟಲನು ಹೇಳಿದ ಕಲಿಕೆಯ ಆನಂದವು ಇದೇ. ಅಥೆನ್ಸಿನಲ್ಲಿ ಆಂಟಿಗನೆಯ ಪಾತ್ರವನ್ನು ಸಹ ಮುಖವಾಡ ಧರಿಸಿದ ಗಂಡಸೇ ಆಡುತ್ತಿದ್ದನು. ಗೋಕಾಕ ಸೀಮೆಯಲ್ಲಾದರೋ ಕೌಜಲಗಿಯ ನಿಂಗಮ್ಮನವರು ಪಾರಿಜಾತದ ರಂಗವನ್ನು ತಾವೇ ಏರಿ ಕೀರ್ತಿಯನ್ನು ಪಡೆದರು.

ಇಂತಿರಲು ನಾವು ಯಾರ ಮಾತನ್ನು ಹಿಡಿಯಬೇಕು? ಹೆಣ್ಣಿಗೆ ವಿದ್ಯೆಯ ಬಾಗಿಲನ್ನು ತೆರೆದ ಗುರುವು ಕವಿಯನ್ನು ಹೊರಗಿಟ್ಟನು. ಕವಿಯನ್ನು ಒಳಗೆ ಕರೆದ ಶಿಷ್ಯನು ಹೆಣ್ಣನ್ನು ಹೊರಗಿಟ್ಟನು. ಇಬ್ಬರೂ ತೆರೆದುದನ್ನು ಸ್ವೀಕರಿಸಿ, ಇಬ್ಬರೂ ಮುಚ್ಚಿದುದನ್ನು ತೆರೆಯುವದೇ ಹೆಣ್ಣುಮಕ್ಕಳ ಶಾಲೆಯ ಕೆಲಸವು. ಪ್ಲೇಟೋವಿನ ಎಚ್ಚರಿಕೆಯೂ ವ್ಯರ್ಥವಲ್ಲ. ಎಲ್ಲ ಪುಸ್ತಕಗಳೂ ಎಲ್ಲ ವಯಸ್ಸಿಗೂ ಸಲ್ಲವು; ಆರಿಸಿ ಕೊಡುವ ಭಾರವು ಹಿರಿಯರದು. ಆದರೆ ಆರಿಸಿ ಕೊಡುವದು ಬೇರೆ, ಕಸಿದುಕೊಳ್ಳುವದು ಬೇರೆ.

ಬಾಳಿನಲ್ಲಿ ನಮ್ಮ ಹುಡುಗಿಯರ ಮುಂದೆ ನಿಯಮಗಳ ಮಾತನ್ನಾಡುವವರು ಅನೇಕರು ಬರುವರು: ಹೆಣ್ಣು ಹೀಗಿರಬೇಕು, ಹಾಗಿರಬಾರದು ಎಂದು. ಅವುಗಳಲ್ಲಿ ಮನ್ನಿಸತಕ್ಕವೂ ಇರುವವು, ಕೇವಲ ಬಾಯಿ ಮುಚ್ಚಿಸತಕ್ಕವೂ ಇರುವವು. ಇವೆರಡನ್ನು ಬೇರ್ಪಡಿಸುವ ಶಕ್ತಿಯು ಒಂದೊಂದು ಮಾತನ್ನೂ ಅದರ ಕಥೆಯೊಳಗಿಟ್ಟು ನೋಡಿದವಳಿಗೆ ಬರುತ್ತದೆ. ಆದಕಾರಣ ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ: ಮಗಳ ಕೈಯಲ್ಲಿ ಕಥೆಯ ಪುಸ್ತಕವನ್ನು ಕಂಡರೆ, ಅದನ್ನು ಮುಚ್ಚಿಡೆಂದು ಹೇಳುವ ಮೊದಲು, ಏನು ಓದಿದೆ, ಅದರಲ್ಲಿ ಯಾರು ಮಾಡಿದ್ದು ಸರಿಯೆನ್ನುತ್ತೀ ಎಂದು ಕೇಳಿರಿ. ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಈ ಪ್ರಶ್ನೆಯನ್ನು ಕೇಳಲು ಯಾರೂ ಕಲಿಸಬೇಕಾಗಿಲ್ಲ. ಸಾಕ್ರೆಟೀಸನ ತತ್ತ್ವಜ್ಞಾನವು ಆರಂಭವಾದುದೂ ಇಂಥ ಪ್ರಶ್ನೆಯಿಂದಲೇ.